ಅಪ್ಪ ಬೀಳ್ತಿದಾರೆ, ಅಮ್ಮಂಗೆ ಕಾಲು ಊತ: ಚೆಕಪ್ಪಿಗೆ ಮುಂಚೆ ಮಾತ್ರೆ ಕವರ್ ಬಿಚ್ಚಿ ನೋಡಿ

ಪ್ರಶ್ನೆ: ನಾನು ಬೆಂಗಳೂರಲ್ಲಿ ಕೆಲಸದಲ್ಲಿದೀನಿ. ಅಪ್ಪ (76), ಅಮ್ಮ (70) ತಿಪಟೂರು ಹತ್ರ ಹಳ್ಳೀಲಿ ಇಬ್ರೇ ಇದಾರೆ. ಅಪ್ಪಂಗೆ 20 ವರ್ಷದಿಂದ ಶುಗರ್, ಬಿಪಿ, ಈಗ ಪ್ರಾಸ್ಟೇಟ್ ಕೂಡ. ಇತ್ತೀಚೆಗೆ ರಾತ್ರಿ ಬಾತ್‌ರೂಮಿಗೆ ಅಂತ ಎದ್ದು ಎರಡು ಸಲ ಬಿದ್ರು, ಹಗಲೆಲ್ಲ ಮಂಕಾಗಿ ಕೂತಿರ್ತಾರೆ, ಹೇಳಿದ್ದೇ ಹೇಳ್ತಾರೆ. ಶುಗರ್ ಮಾತ್ರ ಚೆನ್ನಾಗಿ ಕಂಟ್ರೋಲಲ್ಲಿದೆ, ಮೂರು ತಿಂಗಳ ಸರಾಸರಿ ತೋರ್ಸೋ ಎಚ್‌ಬಿಎ1ಸಿ 6.1. ಅಮ್ಮಂಗೆ ಬಿಪಿ, ಮಂಡಿ ನೋವು, ಕಾಲು ಊತ. ಎಲ್ರೂ ವಯಸ್ಸಾಯ್ತಲ್ಲ ಅಂತಾರೆ. ಬೆಂಗಳೂರಿಗೆ ಕರ್ಕೊಂಡು ಬಂದು ದೊಡ್ಡ ಆಸ್ಪತ್ರೇಲಿ ಮಾಸ್ಟರ್ ಚೆಕಪ್ ಮಾಡಿಸ್ಲಾ? ಇಬ್ರೂ ಬರಲ್ಲ ಅಂತ ಹಠ ಮಾಡ್ತಿದಾರೆ. ಇಬ್ರ ಮಾತ್ರೆ ಪಟ್ಟಿನೂ ಕಳ್ಸಿದೀನಿ.

ಉತ್ತರ:

ಮಾಸ್ಟರ್ ಚೆಕಪ್ ಈಗ ಬೇಡ. ನೀವು ಪಟ್ಟಿ ಕಳ್ಸಿದ್ದು ತುಂಬಾ ಒಳ್ಳೇದಾಯ್ತು, ಯಾಕಂದ್ರೆ ನಿಮ್ಮ ಪ್ರಶ್ನೆಗೆ ಉತ್ತರ ಬಹುಪಾಲು ಅದ್ರಲ್ಲೇ ಇದೆ, ಮತ್ತೆ ಅದ್ರಲ್ಲಿ ಎರಡು ವಿಷಯ ಇವತ್ತೇ ಡಾಕ್ಟ್ರಿಗೆ ಫೋನ್ ಮಾಡಿ ಕೇಳೋವಂಥದ್ದು.

ಒಂದು, ನಿಮ್ಮ ತಂದೆಯವರು ಬೆಳಗ್ಗೆ ರಾತ್ರಿ ಗ್ಲೈಕೋಮೆಟ್ ಜಿಪಿ 2 ತಗೋತಿದಾರೆ, ಅದ್ರ ಜತೆಗೆ ಅಮರಿಲ್ 1 ಕೂಡ ಇದೆ. ಜಿಪಿ ಅಂದ್ರೆ ಮೆಟ್‌ಫಾರ್ಮಿನ್ ಜತೆ ಗ್ಲಿಮೆಪಿರೈಡ್ ಸೇರಿರೋದು, 2 ಅನ್ನೋದು ಆ ಗ್ಲಿಮೆಪಿರೈಡ್ ಎಷ್ಟು ಮಿಲಿಗ್ರಾಂ ಅನ್ನೋದು. ಅಮರಿಲ್ ಅಂದ್ರೂ ಗ್ಲಿಮೆಪಿರೈಡೇ. ಅಂದ್ರೆ ಒಂದೇ ಔಷಧಿ ಎರಡು ಹೆಸರಲ್ಲಿ ಹೊಟ್ಟೆಗೆ ಹೋಗ್ತಿದೆ, ಒಟ್ಟು ದಿನಕ್ಕೆ 5 ಮಿಲಿಗ್ರಾಂ. ಎರಡು, ಬಿಪಿಗೆ ಟೆಲ್ಮಾ 40 ಇದೆ, ಟೆಲ್ಮಿಕೈಂಡ್ 40 ಕೂಡ ಇದೆ. ಎರಡೂ ಟೆಲ್ಮಿಸಾರ್ಟನ್. ಒಬ್ಬ ಡಾಕ್ಟ್ರು ಬೇಕಂತಲೇ 80 ಕೊಡ್ಬೇಕು ಅಂತ ಎರಡು ಕಂಪನಿ ಮಾತ್ರೆ ಬರಿಯಲ್ಲ, ಇದು ಎರಡು ಕಡೆ ಚೀಟಿ ಸೇರಿಕೊಂಡಿರೋದು. ನೀವಾಗೇ ಯಾವುದನ್ನೂ ನಿಲ್ಲಿಸ್ಬೇಡಿ, ಆದ್ರೆ ಊರಿನ ಡಾಕ್ಟ್ರಿಗೆ ಇವತ್ತು ಫೋನ್ ಮಾಡಿ ಈ ನಾಲ್ಕು ಹೆಸರೂ ಓದಿ ಹೇಳಿ, "ಇವು ಡಬಲ್ ಆಗಿವೆಯಲ್ಲ ಸರ್, ಅಪ್ಪ ಬೇರೆ ಎರಡು ಸಲ ಬಿದ್ದಿದಾರೆ, ಯಾವುದು ಬಿಡ್ಬೇಕು" ಅಂತ ಕೇಳಿ. ಐದು ನಿಮಿಷದ ಮಾತು ಅಷ್ಟೇ.

ಇದು ಹೇಗಾಗತ್ತೆ ಅಂತ ಗೊತ್ತಾದ್ರೆ ಮುಂದೆ ತಪ್ಪಿಸೋದು ಸುಲಭ. ನನ್ನ ಹತ್ರ ಬರೋ ಹಿರಿಯರು ಬಟ್ಟೆ ಅಂಗಡಿ ಕವರೊಂದನ್ನ ಟೇಬಲ್ ಮೇಲೆ ಸುರೀತಾರೆ. ಅದ್ರಲ್ಲಿ ತುಮಕೂರಲ್ಲಿ ಬರ್ಕೊಟ್ಟಿದ್ದು, ಕಣ್ಣಿನ ಆಪರೇಷನ್ನಿಗೆ ಮುಂಚೆ ಬರ್ಕೊಟ್ಟಿದ್ದು, ಅಳಿಯ ತಂದ್ಕೊಟ್ಟಿದ್ದು, ಜನೌಷಧಿಯಲ್ಲಿ ತಗೊಂಡಿದ್ದು ಎಲ್ಲಾ ಇರತ್ತೆ. ಮೆಡಿಕಲ್ ಶಾಪಲ್ಲಿ ಕತ್ತರೀಲಿ ಕತ್ರಿಸಿ ನಾಲ್ಕು ನಾಲ್ಕು ಮಾತ್ರೆ ಕೊಟ್ಟಿರ್ತಾರೆ, ಆ ತುಂಡಲ್ಲಿ ಹೆಸರೂ ಇರಲ್ಲ, ಎಕ್ಸ್‌ಪೈರಿ ಡೇಟೂ ಇರಲ್ಲ, ಇವ್ರು ಗುರುತಿಟ್ಕೊಂಡಿರೋದು "ಬಿಳಿ ಗುಂಡಂದು ಬೆಳಗ್ಗೆ, ಗುಲಾಬಿ ಬಣ್ಣದ್ದು ರಾತ್ರಿ" ಅಂತ. ಅಂಗಡಿಯವ್ರು ಒಂದ್ಸಲ ಬೇರೆ ಕಂಪನಿದು ಕೊಟ್ರೆ ಬಣ್ಣ ಬದಲಾಗತ್ತೆ, ಇದು ಹೊಸ ಮಾತ್ರೆ ಅನ್ಕೊಂಡು ಹಳೇದರ ಜತೆಗೇ ನುಂಗ್ತಾರೆ. ಓದು ಬರಹ ಚೆನ್ನಾಗಿ ಬರೋ ರಿಟೈರ್ಡ್ ಮೇಷ್ಟ್ರುಗಳೂ ಹೀಗೆ ತಗೊಂಡಿರೋದನ್ನ ನೋಡಿದೀನಿ, ಯಾಕಂದ್ರೆ ಹೆಸರು ಬೇರೆ ಇದ್ರೆ ಮಾತ್ರೆ ಬೇರೆ ಅಂತ ಯಾರಾದ್ರೂ ಅಂದ್ಕೋತಾರೆ. ಆದ್ರಿಂದ ಸ್ಟ್ರಿಪ್ ತಿರುಗಿಸಿ ದೊಡ್ಡ ಹೆಸರಿನ ಮೇಲೋ ಕೆಳಗೋ ಸಣ್ಣ ಅಕ್ಷರದಲ್ಲಿರೋ ಔಷಧಿ ಹೆಸರು ನೋಡೋದನ್ನ ನೀವು ಕಲೀಬೇಕು, ಮನೇಲಿ ಒಬ್ರಿಗಾದ್ರೂ ಇದು ಗೊತ್ತಿರ್ಬೇಕು.

ಈಗ ಎಚ್‌ಬಿಎ1ಸಿ 6.1 ವಿಷಯ. ಇದನ್ನ ನೋಡಿ ಮನೇಲಿ ಎಲ್ರೂ ಖುಷಿಪಟ್ಟಿರ್ತೀರಿ, ನಂಗೆ ಗಾಬರಿ ಆಯ್ತು. 40 ವರ್ಷದವ್ರಿಗೆ ಇಟ್ಟ ಗುರಿ 76ಕ್ಕೆ ಹೊಂದಲ್ಲ. ಗಟ್ಟಿಮುಟ್ಟಾಗಿರೋ ಹಿರಿಯರಿಗೆ 7ರಿಂದ 7.5ರ ಆಸುಪಾಸು ಸಾಕು, ನಾಲ್ಕಾರು ಕಾಯಿಲೆ ಇದ್ದು ಬೀಳೋದು ಮರೆಯೋದು ಎಲ್ಲಾ ಇದ್ರೆ 8ರ ಒಳಗಿದ್ರೂ ನಡಿಯತ್ತೆ. ಗ್ಲಿಮೆಪಿರೈಡ್ ತಗೊಳ್ಳೋ ವಯಸ್ಸಾದವ್ರಲ್ಲಿ 6.1 ಬಂದಿದೆ ಅಂದ್ರೆ ದಿನದ ಯಾವುದೋ ಹೊತ್ತಲ್ಲಿ ಶುಗರ್ 70ಕ್ಕಿಂತ ಕೆಳಗೆ ಇಳೀತಿರೋ ಸಾಧ್ಯತೆ ಜಾಸ್ತಿ. ವಯಸ್ಸಾದವ್ರಿಗೆ ಲೋ ಶುಗರ್ ಆದ್ರೆ ನಾವು ಕೇಳಿರೋ ಹಂಗೆ ನಡುಕ, ಬೆವರು, ಹಸಿವು ಬರ್ಲೇಬೇಕು ಅಂತಿಲ್ಲ. ಮಂಕಾಗಿ ಕೂರ್ತಾರೆ, ಮಾತು ತಡವರಿಸತ್ತೆ, ಸಿಡಿಸಿಡಿ ಅಂತಾರೆ, ಕೇಳಿದ್ದೇ ಕೇಳ್ತಾರೆ, ನಡೆಯುವಾಗ ತೂರಾಡ್ತಾರೆ. ಹೇಳಿದ್ದೇ ಹೇಳ್ತಾರೆ ಅಂತ ನೀವು ಬರ್ದಿರೋ ಮರೆವಲ್ಲಿ ಎಷ್ಟು ಭಾಗ ಇದೇ ಇರ್ಬಹುದು ಅನ್ನೋದು ಶುಗರ್ ಸರಿಹೋದ್ಮೇಲೆ ತಾನೇ ಗೊತ್ತಾಗೋದು. ಇದ್ರ ಜತೆ ಕಿಡ್ನಿ ಸ್ವಲ್ಪ ನಿಧಾನ ಆಗಿದ್ರೆ ಈ ಮಾತ್ರೆ ಮೈಯಲ್ಲಿ ಹೆಚ್ಚು ಹೊತ್ತು ಉಳ್ಕೊಳತ್ತೆ, ಇನ್ನೂ ಕಷ್ಟ. ಡಯೋನಿಲ್ ಅಂತ ಹಳೇ ಮಾತ್ರೆ ಒಂದಿದೆ, ಗ್ಲಿಬೆನ್‌ಕ್ಲಮೈಡ್, ಅದಂತೂ ಈ ವಯಸ್ಸಲ್ಲಿ ಬೇಡವೇ ಬೇಡ. ನಿಮ್ಮ ಪಟ್ಟೀಲಿ ಇಲ್ಲ, ಆದ್ರೆ ಅಕ್ಕಪಕ್ಕದ ಹಿರಿಯರು ಯಾರಾದ್ರೂ ತಗೋತಿದ್ರೆ ಡಾಕ್ಟ್ರನ್ನ ಕೇಳೋಕೆ ಹೇಳಿ.

ಒಂದು ಗ್ಲೂಕೋಮೀಟರ್ ತಂದಿಡಿ. ಒಂದು ವಾರ ಬೆಳಗ್ಗೆ ಖಾಲಿ ಹೊಟ್ಟೇಲಿ, ಮಧ್ಯಾಹ್ನ ಊಟಕ್ಕೆ ಮುಂಚೆ, ಒಂದೆರಡು ಸಲ ಬೆಳಗಿನ ಜಾವ ಮೂರು ಗಂಟೆಗೆ, ಮತ್ತೆ ಮಂಕಾಗಿದಾರೆ ಅನ್ನಿಸಿದಾಗೆಲ್ಲ ಚೆಕ್ ಮಾಡಿ ಒಂದು ನೋಟ್‌ಬುಕ್ಕಲ್ಲಿ ಬರ್ದಿಡೋಕೆ ಅಮ್ಮಂಗೆ ಹೇಳಿಕೊಡಿ. 70ಕ್ಕಿಂತ ಕಮ್ಮಿ ಬಂದ್ರೆ ಮೂರು ಟೀ ಚಮಚ ಸಕ್ಕರೆ ಅರ್ಧ ಲೋಟ ನೀರಲ್ಲಿ ಕದಡಿ ಕುಡ್ಸೋದು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡೋದು, ಏರಿಲ್ಲ ಅಂದ್ರೆ ಇನ್ನೊಂದ್ಸಲ, ಆಮೇಲೆ ಏನಾದ್ರೂ ತಿನ್ಸೋದು, ಡಾಕ್ಟ್ರಿಗೆ ಅವತ್ತೇ ತಿಳ್ಸೋದು. ಪ್ರಜ್ಞೆ ಇಲ್ಲದೆ ಮಲಗಿದ್ರೆ ಬಾಯಿಗೆ ಏನೂ ಹಾಕ್ಬಾರ್ದು, 108ಕ್ಕೆ ಫೋನ್ ಮಾಡ್ಬೇಕು, ಮತ್ತೆ ಗ್ಲೂಕೋಸ್ ಹಾಕ್ಸಿ ಎದ್ದು ಕೂತ್ರಲ್ಲ ಅಂತ ತಕ್ಷಣ ಮನೆಗೆ ಕರ್ಕೊಂಡು ಬರ್ಬಾರ್ದು, ಈ ಗ್ಲಿಮೆಪಿರೈಡ್ ಲೋ ಆದ್ರೆ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯತ್ತೆ, ಒಂದು ದಿನ ಆಸ್ಪತ್ರೇಲಿ ನೋಡ್ಕೋಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ವೋಗ್ಲಿಬೋಸ್ ಸೇರಿರೋ ಶುಗರ್ ಮಾತ್ರೆ ತಗೊಳ್ಳೋವ್ರಿಗೆ ಸಕ್ಕರೆ ನೀರು ಬೇಗ ಕೆಲಸ ಮಾಡಲ್ಲ, ಆ ಔಷಧಿ ಸಕ್ಕರೆ ಒಡೆಯೋದನ್ನೇ ತಡೆಯತ್ತೆ. ಅಂಥವ್ರ ಮನೇಲಿ ಗ್ಲೂಕೋಸ್ ಪುಡೀನೇ ಇಟ್ಟಿರ್ಬೇಕು.

ಮತ್ತೆ ಇವ್ರು ಮಾತ್ರೆ ಯಾವಾಗ ತಗೋತಾರೆ, ತಿಂಡಿ ಯಾವಾಗ ತಿಂತಾರೆ ಅಂತ ಅಮ್ಮನ್ನ ವಿಚಾರಿಸಿ ನೋಡಿ. ನಮ್ಮ ಕಡೆ ಹಿರಿಯರು ಬೆಳಗ್ಗೆ ಆರಕ್ಕೆ ಕಾಫಿ ಜತೆ ಶುಗರ್ ಮಾತ್ರೆ ನುಂಗಿ, ತೋಟಕ್ಕೊಂದು ಸುತ್ತು ಹೋಗಿ, ನೀರು ಬಿಟ್ಟು, ಬಂದು ಸ್ನಾನ ಮಾಡಿ, ಪೂಜೆ ಮುಗ್ಸಿ ಒಂಬತ್ತೂವರೆಗೆ ತಿಂಡಿಗೆ ಕೂರ್ತಾರೆ. ಅಷ್ಟೊತ್ತಿಗೆ ಮಾತ್ರೆ ತನ್ನ ಕೆಲಸ ಮಾಡಿಬಿಟ್ಟಿರತ್ತೆ. ತಟ್ಟೆ ಮುಂದೆ ಬಂದ್ಮೇಲೇ ಮಾತ್ರೆ, ಇಷ್ಟು ಒಂದು ನಿಯಮ ಮಾಡ್ಕೊಂಡ್ರೆ ಎಷ್ಟೋ ತೊಂದ್ರೆ ತಪ್ಪತ್ತೆ. ಏಕಾದಶಿ, ಸಂಕಷ್ಟಿ, ಶಿವರಾತ್ರಿ ಉಪವಾಸ ಇರ್ತಾರಾ ಅಂತಲೂ ಕೇಳಿ, ಇದ್ರೆ ಅವತ್ತು ಯಾವ ಮಾತ್ರೆ ಬಿಡ್ಬೇಕು ಅಂತ ಡಾಕ್ಟ್ರ ಹತ್ರ ಮುಂಚೇನೇ ಬರ್ಸಿಕೊಂಡಿರಿ. ಉಪವಾಸ ಬಿಡಿ ಅಂತ ಹೇಳಿದ್ರೆ ಕೇಳಲ್ಲ, ಗುಟ್ಟಾಗಿ ಮಾಡ್ತಾರೆ, ಅದಕ್ಕಿಂತ ಹೇಳಿ ಮಾಡಿದ್ರೆ ಒಳ್ಳೇದು.

ಬೀಳೋದಕ್ಕೆ ಇನ್ನೂ ಎರಡು ಕಾರಣ ಪಟ್ಟೀಲಿ ಕಾಣ್ತಿವೆ. ಪ್ರಾಸ್ಟೇಟಿಗೆ ಕೊಟ್ಟಿರೋ ಟ್ಯಾಮ್ಸುಲೋಸಿನ್ ಎದ್ದು ನಿಂತಾಗ ಬಿಪಿ ಇಳಿಸತ್ತೆ, ಅದ್ರ ಮೇಲೆ ಟೆಲ್ಮಿಸಾರ್ಟನ್ ಡಬಲ್, ಅದ್ರ ಮೇಲೆ ನಿದ್ದೆಗೆ ಅಂತ ಆಲ್ಪ್ರಾಜೋಲಮ್ 0.5. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಅವಸರ ಆಗಿ ಧಡಕ್ಕಂತ ಎದ್ದಾಗ ಇವೆಲ್ಲ ಒಟ್ಟಿಗೆ ಸೇರತ್ತೆ. ಮನೇಲಿ ಬಿಪಿ ಮೆಷಿನ್ ಇದ್ರೆ ಹೀಗೆ ನೋಡಿ: ಐದು ನಿಮಿಷ ಮಲಗ್ಸಿ ಒಂದು ಸಲ ಅಳೀರಿ, ಎದ್ದು ನಿಲ್ಸಿ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ಅಳೀರಿ, ಪಕ್ಕದಲ್ಲಿ ಯಾರಾದ್ರೂ ಹಿಡ್ಕೊಂಡಿರ್ಲಿ. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದ್ರೆ ಬೀಳೋದಕ್ಕೆ ಅದೂ ಕಾರಣ ಇರ್ಬಹುದು, ಆ ನಂಬರೆಲ್ಲ ಬರ್ದು ಡಾಕ್ಟ್ರ ಕೈಗೆ ಕೊಡಿ. ಆಸ್ಪತ್ರೇಲಿ ಕೂರ್ಸಿ ನೋಡಿದ್ರೆ 130/80 ಅಂತ ಚೆನ್ನಾಗೇ ಬರತ್ತೆ, ನಿಲ್ಸಿ ನೋಡಿದ್ರೆ ತಾನೇ ಗೊತ್ತಾಗೋದು, ಅದಕ್ಕೆ ಪುರುಸೊತ್ತು ಎಷ್ಟೋ ಓಪಿಡಿಗಳಲ್ಲಿ ಇರಲ್ಲ. ನಿದ್ದೆ ಮಾತ್ರೇನ ಮಾತ್ರ ಒಂದೇ ಸಲ ನಿಲ್ಲಿಸೋ ಹಂಗಿಲ್ಲ, ವರ್ಷಗಟ್ಟಲೆ ತಗೊಂಡಿದ್ರೆ ವಾರಗಟ್ಟಲೆ ನಿಧಾನಕ್ಕೆ ಇಳಿಸ್ಬೇಕು, ಇಲ್ದಿದ್ರೆ ನಿದ್ದೆ ಪೂರ್ತಿ ಹೋಗಿ ಚಡಪಡಿಕೆ ಆಗತ್ತೆ, ಕೆಲವ್ರಿಗೆ ಫಿಟ್ಸ್ ಕೂಡ ಬರ್ಬಹುದು. ಅಲ್ಲೀವರೆಗೆ ಹಾಸಿಗೆ ಪಕ್ಕ ಒಂದು ಸಣ್ಣ ಲೈಟು, ಮಂಚದ ಅಂಚಲ್ಲಿ ಎರಡು ನಿಮಿಷ ಕೂತು ಪಾದ ಆಡಿಸಿ ಆಮೇಲೆ ಏಳೋದು, ರಾತ್ರಿಗೆ ಮಂಚದ ಹತ್ರಾನೇ ಮೂತ್ರದ ಪಾಟ್, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಗೋಡೆಗೆ ಕಂಬಿ, ಹೊರಗಿಂದ ತೆಗೆಯೋಕೆ ಬರೋ ಚಿಲಕ. ಹಳೇ ಮನೆ ಆದ್ರೆ ಹೊಸ್ತಿಲಿಗೆ ಬಿಳಿ ಪೇಂಟ್ ಪಟ್ಟಿ ಬಳಿಸಿ, ಕತ್ಲಲ್ಲಿ ಕಾಣತ್ತೆ.

ಅಮ್ಮನ ವಿಷಯಕ್ಕೆ ಬರ್ತೀನಿ, ನಿಜ ಹೇಳ್ಬೇಕಂದ್ರೆ ನಂಗೆ ಅವ್ರ ಬಗ್ಗೆನೂ ಅಷ್ಟೇ ಚಿಂತೆ ಇದೆ, ಪತ್ರದಲ್ಲಿ ನೀವು ಅವ್ರಿಗೆ ಒಂದೇ ಸಾಲು ಕೊಟ್ಟಿದೀರಿ. ಅವ್ರು ತಗೊಳ್ಳೋ ಟೆಲ್ಮಾ ಎಎಮ್‌ನಲ್ಲಿ ಆಮ್ಲೋಡಿಪಿನ್ ಇದೆ. ಒಳ್ಳೇ ಬಿಪಿ ಮಾತ್ರೇನೇ, ಆದ್ರೆ ಕೆಲವ್ರಿಗೆ ಕಾಲಿನ ಗಂಟಿನ ಹತ್ರ ಊತ ಬರ್ಸತ್ತೆ. ಆ ಊತ ನೋಡಿ ಯಾರೋ ನೀರು ಹೋಗೋ ಮಾತ್ರೆ ಲೇಸಿಕ್ಸ್ ಸೇರ್ಸಿದಾರೆ. ಈ ಥರದ ಊತಕ್ಕೆ ಲೇಸಿಕ್ಸ್ ಅಷ್ಟಾಗಿ ಕೆಲಸಾನೂ ಮಾಡಲ್ಲ, ಬದ್ಲಿಗೆ ಮೈಯಲ್ಲಿ ಸೋಡಿಯಂ ಪೊಟ್ಯಾಸಿಯಂ ಇಳಿದು ಸುಸ್ತು, ಕಾಲು ಹಿಡ್ಕೊಳ್ಳೋದು, ಪದೇ ಪದೇ ಮೂತ್ರಕ್ಕೆ ಓಡೋದು ಶುರುವಾಗತ್ತೆ. ಒಂದು ಮಾತ್ರೆ ತಂದ ತೊಂದ್ರೆಗೆ ಇನ್ನೊಂದು ಮಾತ್ರೆ, ಅದ್ರ ತೊಂದ್ರೆಗೆ ಮತ್ತೊಂದು. ಬಿಪಿ ಮಾತ್ರೆ ಬದಲಾಯಿಸಿದ್ರೆ ಎಷ್ಟೋ ಜನಕ್ಕೆ ಊತ ಇಳಿಯತ್ತೆ, ಲೇಸಿಕ್ಸ್ ಬೇಕಾಗೇ ಇರಲ್ಲ. ಹಾಗಂತ ಕಾಲು ಊತ ಎಲ್ಲಾ ಮಾತ್ರೆಯಿಂದಲೇ ಅಂತಲ್ಲ, ಹಾರ್ಟು, ಕಿಡ್ನಿ, ಥೈರಾಯ್ಡ್ ಒಂದ್ಸಲ ನೋಡ್ಲೇಬೇಕು, ಮಲಗಿದಾಗ ದಮ್ಮು ಬರತ್ತೆ ಅಂದ್ರೆ ಅಥವಾ ಒಂದೇ ಕಾಲು ಊದಿ ನೋವಿದ್ರೆ ಕಾಯ್ಬಾರ್ದು.

ಇದ್ರ ಮೇಲೆ ಮಂಡಿ ನೋವಿಗೆ ಮೆಡಿಕಲ್ ಶಾಪಿಂದ ದಿನಾ ಅಸಿಕ್ಲೋಫೆನಾಕ್ ಇರೋ ಮಾತ್ರೆ ತಗೋತಿದಾರೆ. ಟೆಲ್ಮಿಸಾರ್ಟನ್, ಲೇಸಿಕ್ಸ್, ಇದು, ಈ ಮೂರೂ ಒಟ್ಟಿಗೆ ಇದ್ರೆ ಕಿಡ್ನಿಗೆ ಬಹಳ ಕೆಟ್ಟದ್ದು. ಅದ್ರಲ್ಲೂ ಬೇಸಿಗೇಲಿ ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಮ್ಮಿಯಾದಾಗ ಕ್ರಿಯಾಟಿನಿನ್ (ಕಿಡ್ನಿ ಕೆಲಸ ಕಮ್ಮಿಯಾದ್ರೆ ರಕ್ತದಲ್ಲಿ ಏರೋ ಅಂಶ) ಎರಡೇ ದಿನದಲ್ಲಿ ಏರಿಬಿಡತ್ತೆ. ನೋವಿನ ಮಾತ್ರೆ ಬಿಪಿನೂ ಏರ್ಸತ್ತೆ, ಹೊಟ್ಟೇಲಿ ಹುಣ್ಣಾಗಿ ರಕ್ತ ಹೋಗ್ಬಹುದು, ಕಪ್ಪಗೆ ಟಾರಿನ ಥರ ಮಲ ಹೋದ್ರೆ ಅದು ರಕ್ತ. ಬದ್ಲಿಗೆ ನೋವು ಜಾಸ್ತಿ ಇರೋ ದಿನ ಬರೀ ಪ್ಯಾರಾಸಿಟಮಾಲ್ 650, ದಿನಕ್ಕೆ ನಾಲ್ಕು ದಾಟ್ಬಾರ್ದು, ಲಿವರ್ ತೊಂದ್ರೆ ಇದ್ರೆ ಅಥವಾ ತೂಕ ತೀರಾ ಕಮ್ಮಿ ಇದ್ರೆ ಡಾಕ್ಟ್ರನ್ನ ಕೇಳಿ ಇನ್ನೂ ಕಮ್ಮಿ. ಮಂಡಿ ಮೇಲೆ ಹಚ್ಚೋ ಡೈಕ್ಲೋಫೆನಾಕ್ ಜೆಲ್ ಮಾತ್ರೆಗಿಂತ ಎಷ್ಟೋ ವಾಸಿ. ಮಂಡಿಗೆ ನಿಜವಾದ ಔಷಧಿ ಅಂದ್ರೆ ತೊಡೆ ಸ್ನಾಯು ಗಟ್ಟಿ ಮಾಡೋದು: ಕುರ್ಚಿ ಮೇಲೆ ಕೂತು ಒಂದು ಕಾಲು ನೆಟ್ಟಗೆ ಚಾಚಿ, ಹತ್ತು ಎಣಿಸೋವರೆಗೆ ಹಿಡಿದು, ಇಳಿಸೋದು, ಒಂದೊಂದು ಕಾಲಿಗೆ ಹತ್ತು ಸಲ, ದಿನಾ ಎರಡು ಹೊತ್ತು. ಟಿವಿ ನೋಡ್ತಾನೇ ಮಾಡ್ಬಹುದು, ಎರಡು ಮೂರು ತಿಂಗಳಲ್ಲಿ ವ್ಯತ್ಯಾಸ ಅವ್ರಿಗೇ ಗೊತ್ತಾಗತ್ತೆ. ಕೋಲು ಹಿಡಿಯೋದಾದ್ರೆ ನೋವಿಲ್ಲದ ಕಡೆಯ ಕೈಯಲ್ಲಿ ಹಿಡೀಬೇಕು, ಬಲ ಮಂಡಿ ನೋವಿದ್ರೆ ಎಡಗೈ, ಬಹಳ ಜನ ಉಲ್ಟಾ ಹಿಡೀತಾರೆ. ಹೆಸರು ವಿಳಾಸ ಇಲ್ಲದ ಪೊಟ್ಟಣದ ಪುಡಿ ಯಾರಾದ್ರೂ ತಂದ್ಕೊಟ್ಟಿದ್ರೆ, ಎರಡೇ ದಿನದಲ್ಲಿ ನೋವು ಮಾಯ ಅಂದ್ರೆ, ಅದ್ರಲ್ಲಿ ಸ್ಟಿರಾಯ್ಡ್ ಬೆರೆತಿರ್ಬಹುದು ಅಂತ ಅನುಮಾನ ಪಡಿ. ಅಂಥದ್ದನ್ನ ತಿಂಗಳುಗಟ್ಟಲೆ ತಗೊಂಡಿದ್ರೆ ನೀವಾಗೇ ತಟ್ಟಂತ ನಿಲ್ಲಿಸ್ದೆ ಡಾಕ್ಟ್ರಿಗೆ ತೋರ್ಸಿ.

ಅಮ್ಮನ ಹತ್ರ ನೀವು ಒಬ್ರೇ ಕೂತಾಗ ಇನ್ನೊಂದು ಕೇಳಿ, ಕೆಮ್ಮಿದ್ರೆ, ಸೀನಿದ್ರೆ ಮೂತ್ರ ಹೋಗತ್ತಾ ಅಂತ. ಈ ವಯಸ್ಸಿನ ಹೆಂಗಸರು ಇದನ್ನ ಡಾಕ್ಟ್ರ ಹತ್ರ ಬಾಯಿ ಬಿಟ್ಟು ಹೇಳಲ್ಲ, ಮಗನ ಹತ್ರ ಅಂತೂ ಹೇಳೋದೇ ಇಲ್ಲ, ನೀವು ಮಗಳು ಕೇಳಿದ್ರೆ ಹೇಳ್ಬಹುದು. ಬಸ್ಸಲ್ಲಿ ಬೆಂಗಳೂರಿಗೆ ಬರಲ್ಲ ಅನ್ನೋ ಹಠದ ಹಿಂದೆ ದಾರೀಲಿ ಟಾಯ್ಲೆಟ್ ಸಿಗಲ್ಲ ಅನ್ನೋ ಭಯ ಇದ್ರೂ ಇರ್ಬಹುದು. ಅದೇ ಭಯಕ್ಕೆ ನೀರು ಕುಡಿಯೋದನ್ನೇ ಬಿಟ್ಟಿರ್ತಾರೆ. ಇದಕ್ಕೆ ವ್ಯಾಯಾಮ ಇದೆ, ಚಿಕಿತ್ಸೆ ಇದೆ, ಸಹಿಸ್ಕೊಂಡು ಕೂರ್ಬೇಕಾಗಿಲ್ಲ.

ಟೆಸ್ಟು ಬೇಕಾಗಿರೋದು ಇಷ್ಟೇ, ತಿಪಟೂರಲ್ಲೇ ಆಗತ್ತೆ: ಇಬ್ರಿಗೂ ಕ್ರಿಯಾಟಿನಿನ್ (ರಿಪೋರ್ಟಲ್ಲಿ ಕಿಡ್ನಿ ಎಷ್ಟು ಶೋಧಿಸತ್ತೆ ಅನ್ನೋ ಇಜಿಎಫ್‌ಆರ್ ಕೂಡ ಹಾಕೋಕೆ ಹೇಳಿ), ಸೋಡಿಯಂ ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಥೈರಾಯ್ಡಿಗೆ ಟಿಎಸ್‌ಎಚ್, ಒಂದು ಇಸಿಜಿ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆಯಾ ಅನ್ನೋದು, ಅಪ್ಪಂಗೆ ಅದ್ರ ಜತೆ ಬಿ12, ಯಾಕಂದ್ರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವ್ರಲ್ಲಿ ಬಿ12 ಇಳಿದು ಪಾದ ಜೋಮು ಹಿಡಿಯೋದು, ಮರೆವು ಎರಡೂ ಬರ್ಬಹುದು, ದಿನಾ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್ ನುಂಗ್ತಿದ್ರೆ ಇನ್ನೂ ಜಾಸ್ತಿ. ಕಣ್ಣು, ಕಿವಿ, ಪಾದ ಒಂದ್ಸಲ ತೋರ್ಸಿ. ಕಿವಿ ಕೇಳ್ಸದೆ ಸುಮ್ನೆ ಕೂರೋದನ್ನ ನಾವು ಮಂಕು ಅನ್ಕೋತೀವಿ.

ಆಮೇಲೆ ಒಬ್ಬ ಡಾಕ್ಟ್ರನ್ನ ಮುಖ್ಯ ಅಂತ ಇಟ್ಕೊಳ್ಳಿ. ಊರಿಗೆ ಹತ್ರ ಇರೋ, ಮಾತಾಡೋಕೆ ಸಮಯ ಕೊಡೋ ಎಂಡಿ ಫಿಸಿಷಿಯನ್ ಸಾಕು. ಪ್ರಾಸ್ಟೇಟಿನವ್ರು, ಮೂಳೆಯವ್ರು ಯಾರು ಏನೇ ಬರ್ದ್ರೂ ಇವ್ರಿಗೆ ತೋರ್ಸದೆ ಶುರು ಮಾಡ್ಬಾರ್ದು ಅಂತ ಮನೇಲಿ ತೀರ್ಮಾನ ಆಗ್ಲಿ. ಹೋಗುವಾಗ ಚೀಟಿ ಸಾಲ್ದು, ಪೂರ್ತಿ ಕವರ್ ತಗೊಂಡು ಹೋಗಿ, ಆಯುರ್ವೇದದ್ದು, ಕಣ್ಣಿನ ಡ್ರಾಪ್ಸ್, ಕ್ಯಾಲ್ಸಿಯಂ ಎಲ್ಲಾ ಸೇರ್ಸಿ. ಬಂದ್ಮೇಲೆ ಬೇಡ ಅಂದಿದ್ದನ್ನ ಅವತ್ತೇ ಮನೆಯಿಂದ ಆಚೆ ಹಾಕಿ, ಇಟ್ರೆ ಮತ್ತೆ ನುಂಗ್ತಾರೆ. ಉಳಿದ ಸ್ಟ್ರಿಪ್ ಮೇಲೆ ಮಾರ್ಕರ್ರಲ್ಲಿ ದಪ್ಪಗೆ ಕನ್ನಡದಲ್ಲಿ "ಬೆಳಗ್ಗೆ, ಬಿಪಿ" ಅಂತ ಬರೀರಿ, ಅಂಗಡಿಯವ್ರಿಗೆ ಪೂರ್ತಿ ಸ್ಟ್ರಿಪ್ಪೇ ಕೊಡಿ, ಕಂಪನಿ ಬದಲಾಯಿಸಿದ್ರೆ ನಂಗೊಂದು ಫೋನ್ ಮಾಡಿ ಅಂತ ನಿಮ್ಮ ನಂಬರ್ ಕೊಟ್ಟು ಬನ್ನಿ. ಆಶಾ ಕಾರ್ಯಕರ್ತೆಯನ್ನೂ ಪರಿಚಯ ಮಾಡ್ಕೊಳ್ಳಿ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೇಲಿ ಮನೆ ಬಾಗಿಲಿಗೇ ಬಂದು ಬಿಪಿ ಶುಗರ್ ನೋಡೋ ವ್ಯವಸ್ಥೆ ಇದೆ, ನಿಮ್ಮೂರಲ್ಲಿ ಯಾವ ದಿನ ಬರ್ತಾರೆ ಅಂತ ಅವ್ರಿಗೆ ಗೊತ್ತಿರತ್ತೆ.

ಹಠದ ಬಗ್ಗೆ ಕೇಳಿದೀರಿ. ದೊಡ್ಡಾಸ್ಪತ್ರೆ ಅಂದ್ರೆ ಹಿರಿಯರ ಕಿವಿಗೆ ಬೀಳೋದು ಆಪರೇಷನ್, ಖರ್ಚು, ಮಗಳಿಗೆ ತೊಂದ್ರೆ ಅನ್ನೋದು. ನೀವು ಫೋನ್ ಮಾಡಿದಾಗೆಲ್ಲ "ಮಾತ್ರೆ ತಗೊಂಡ್ರಾ, ಸ್ವೀಟ್ ತಿಂದ್ರಾ" ಅಂತ ವಿಚಾರಣೆ ಮಾಡಿದ್ರೆ ಸುಳ್ಳು ಹೇಳೋದು ಕಲೀತಾರೆ. ಬದ್ಲಿಗೆ ಊರಿಗೆ ಹೋಗಿ, ಊಟ ಆದ್ಮೇಲೆ ನಿಧಾನಕ್ಕೆ, "ಅಪ್ಪ, ಇಷ್ಟೊಂದು ಮಾತ್ರೆ ನುಂಗ್ತಿದೀರಲ್ಲ, ಒಂದೆರಡು ಕಮ್ಮಿ ಮಾಡಕ್ಕಾಗತ್ತಾ ಅಂತ ಡಾಕ್ಟ್ರನ್ನ ಕೇಳೋಣ ಬನ್ನಿ" ಅಂತ ಹೇಳಿ ನೋಡಿ. ಮಾತ್ರೆ ಕಮ್ಮಿ ಮಾಡಿಸೋಕೆ ಬರಲ್ಲ ಅನ್ನೋ ಹಿರಿಯರು ನಂಗೆ ಇನ್ನೂ ಸಿಕ್ಕಿಲ್ಲ. ಡಾಕ್ಟ್ರ ಮುಂದೆ ಮಾತು ಅಪ್ಪಂದೇ ಇರ್ಲಿ, ನೀವು ಬಿಟ್ಟಿದ್ದನ್ನ ಮಾತ್ರ ಸೇರ್ಸಿ. ಊಟದಲ್ಲೂ ಎಲ್ಲಾ ಕಿತ್ಕೋಬೇಡಿ. ಉಪ್ಪಿನಕಾಯಿ ಹಪ್ಪಳ ಕಮ್ಮಿ ಮಾಡೋದು ಸರಿ, ಬಿಪಿಗೆ ಅದು ಮುಖ್ಯ. ಮುದ್ದೆ ತಿಂದ್ರೆ ಶುಗರ್ ಏರಲ್ಲ ಅನ್ನೋದು ತಪ್ಪು, ಮುದ್ದೆ ಸಣ್ಣದು ಮಾಡಿ ಸಾರಲ್ಲಿ ಕಾಳು ಜಾಸ್ತಿ ಮಾಡಿ. ಆದ್ರೆ ಬರೀ ಗಂಜಿ ಕುಡಿದು ತೂಕ ಇಳಿಸ್ಕೊಳ್ಳೋ ಹಿರಿಯರೇ ಬೇಗ ಬೀಳೋದು, ಕಾಳು, ಮೊಸರು, ತಿನ್ನೋರಾದ್ರೆ ಮೊಟ್ಟೆ, ದಿನಾ ಇರ್ಲೇಬೇಕು.

ಮಾತ್ರೆ ಸರಿಮಾಡಿ ಎರಡು ಮೂರು ತಿಂಗಳಾದ್ಮೇಲೂ ಮರೆವು ಹಾಗೇ ಇದ್ರೆ ಆಗ ಅದನ್ನ ಬೇರೆಯಾಗಿ ನೋಡ್ಬೇಕು. ನಿಮ್ಹಾನ್ಸ್ ಜತೆ ಸೇರಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಶುರು ಮಾಡಿದೆ, ತುಮಕೂರಲ್ಲಿ ವಿಚಾರಿಸಿ. ಆದ್ರೆ ನಿನ್ನೆ ಚೆನ್ನಾಗಿದ್ದವ್ರು ಇವತ್ತು ಏನೇನೋ ಮಾತಾಡ್ತಿದಾರೆ ಅಂದ್ರೆ ಅದು ಮರೆವಿನ ಕಾಯಿಲೆ ಅಲ್ಲ, ಸೋಂಕು, ಸೋಡಿಯಂ, ಶುಗರ್, ಯಾವುದೋ ಹೊಸ ಮಾತ್ರೆ ಏನೋ ಒಂದಿರತ್ತೆ, ಜ್ವರ ಇಲ್ಲದೇನೂ ನ್ಯುಮೋನಿಯಾ ಆಗಿರತ್ತೆ, ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ಫ್ಲೂ ಲಸಿಕೆ ವರ್ಷಕ್ಕೊಂದ್ಸಲ, ನ್ಯುಮೋಕಾಕಲ್ ಲಸಿಕೆ ಇಬ್ರಿಗೂ ಹಾಕ್ಸಿ.

ತುರ್ತಿಗೆ ಗೋಡೆ ಮೇಲೆ ಒಂದು ಹಾಳೆ ಅಂಟಿಸಿ: 108, ಡಾಕ್ಟ್ರ ನಂಬರು, ಕಾರಿರೋ ಪಕ್ಕದ ಮನೆಯವ್ರ ನಂಬರು, ಹಿರಿಯರ ಸಹಾಯವಾಣಿ 14567. ಶುಗರ್ ಇರೋವ್ರಿಗೆ ಹಾರ್ಟ್ ಅಟ್ಯಾಕಲ್ಲಿ ಎದೆ ನೋವೇ ಬರದೆ ಬರೀ ದಮ್ಮು, ಬೆವರು, ಹೊಟ್ಟೆ ಮೇಲ್ಭಾಗ ಹಿಂಡಿದ ಹಂಗೆ ಇರ್ಬಹುದು, ಗ್ಯಾಸ್ ಅಂತ ಸೋಡಾ ಕುಡ್ಸಿ ಮಲಗಿಸ್ಬೇಡಿ, ಹತ್ರದ ತಾಲೂಕು ಆಸ್ಪತ್ರೇಲಿ ಇಸಿಜಿ ಮಾಡ್ಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರೋ ಆಸ್ಪತ್ರೇಲಿ ಇಸಿಜಿ ಮಾಡಿ ರಕ್ತ ಹೆಪ್ಪು ಕರಗಿಸೋ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ, ನಿಮ್ಮ ತಾಲೂಕಲ್ಲಿ ಇದೆಯಾ ಅಂತ ಈಗ್ಲೇ ಕೇಳಿಟ್ಕೊಳ್ಳಿ. ಬಾಯಿ ಸೊಟ್ಟ ಆದ್ರೆ, ಒಂದು ಕೈ ಎತ್ತಕ್ಕಾಗ್ದಿದ್ರೆ, ಮಾತು ತೊದಲಿದ್ರೆ ಶುರುವಾದ ಟೈಮ್ ಬರ್ಕೊಂಡು ನೇರ ಸಿಟಿ ಸ್ಕ್ಯಾನ್ ಇರೋ ಕಡೆಗೇ ಹೋಗಿ, ಸ್ಟ್ರೋಕಿನ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಗಡುವು.

ಅಪ್ಪಂದು ಒಂದು ವಾರದ ಶುಗರ್ ನೋಟ್, ನಿಲ್ಸಿ ಅಳೆದ ಬಿಪಿ, ಅಮ್ಮಂದು ಕ್ರಿಯಾಟಿನಿನ್ ಮತ್ತೆ ಸೋಡಿಯಂ ಬಂದ ತಕ್ಷಣ ನಂಗೆ ಕಳ್ಸಿ. ಊರಿನ ಡಾಕ್ಟ್ರು ಯಾವ ಮಾತ್ರೆ ನಿಲ್ಲಿಸಿದ್ರು ಅನ್ನೋದನ್ನೂ ಅದ್ರ ಜತೆಗೇ ಬರೀರಿ, ಮುಂದಿನದು ಅದ್ರ ಮೇಲೆ ನೋಡೋಣ.